ಸೆಕೆಂಡ್ ಹ್ಯಾಂಡ್ ಕಾರು, ಥರ್ಡ್ ಹ್ಯಾಂಡ್ ಹೊಗೆ

“ಟೀಚರ್, ನಿಮ್ಮ ಕಾರಿನೊಳಗೆ ಯಾರೋ ಸಿಗರೇಟು ಎಳೀತಾ ಇದ್ದಾರೆ.”

ಜೂನ್ ತಿಂಗಳ ಮೊದಲ ವಾರ. ಹೊರಗೆ ಸುರಿಯುವ ಮಳೆ. ಒಳಗೆ ಗಾಜು ಏರಿಸಿಕೊಂಡು ಕೂತ ನಾನು ಮತ್ತು ಮೂರು ಮಕ್ಕಳು. ಹೇಳಿದವಳು ಮೂರನೇ ತರಗತಿಯ ಹುಡುಗಿ. ಕಾರಿನಲ್ಲಿ ಸಿಗರೇಟೂ ಇರಲಿಲ್ಲ, ಎಳೆಯುವವರೂ ಇರಲಿಲ್ಲ. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಕೊಡೆಯ ನೀರು ತೊಟ್ಟಿಕ್ಕುತ್ತಿದ್ದ ಕೈಯಲ್ಲೇ ಮೂಗು ಮುಚ್ಚಿಕೊಂಡಿದ್ದಳು.

ಈಗ ಯೋಚಿಸಿದರೆ ಆ ಮಗು ಹೇಳಿದ್ದು ನೂರಕ್ಕೆ ನೂರು ಸರಿ ಅನಿಸುತ್ತದೆ. ನಾನು ಕೊಳ್ಳುವ ಮೊದಲು ಆ ಕಾರಿನಲ್ಲಿ ಯಾರೋ ವರ್ಷಗಟ್ಟಲೆ ಎಳೆದ ಸಿಗರೇಟು ಆ ದಿನವೂ ನಮ್ಮ ಮೂಗಿಗೆ ಬರುತ್ತಲೇ ಇತ್ತು. ಈ ಸಲದ ಬರಹ ಅದರ ಬಗ್ಗೆ. ಕನ್ನಡ ಶಾಲೆಯ ಟೀಚರಿಗೆ ಕಾರಿನ ವಾಸನೆಯ ಉಸಾಬರಿ ಯಾಕೆ ಅಂತ ಈಗಲೇ ಕೇಳಬೇಡಿ. ಪೂರ್ತಿ ಓದಿ, ಆಮೇಲೆ ಕೇಳಿ.

ನಮ್ಮ ಮನೆ ಬದಿಯಡ್ಕದಿಂದ ಒಳಗೆ. ಶಾಲೆಗೆ ಹೋಗುವ ದಾರಿಯಲ್ಲಿ ಬಸ್ಸು ಇದೆ, ಆದರೆ ಬೆಲ್ಲು ಹೊಡೆಯುವ ಸಮಯಕ್ಕೂ ಬಸ್ಸಿನ ಸಮಯಕ್ಕೂ ಜಾತಕ ಕೂಡುವುದಿಲ್ಲ. ನಾನು ಡ್ರೈವಿಂಗ್ ಕಲಿತದ್ದೇ ನಲವತ್ತು ದಾಟಿದ ಮೇಲೆ. ಹೊಸ ಕಾರಿಗೆ ಕೈ ಹಾಕುವಷ್ಟು ಧೈರ್ಯವೂ ಇರಲಿಲ್ಲ, ಹಣವೂ ಇರಲಿಲ್ಲ. ಬೇಸಗೆ ರಜೆಯಲ್ಲಿ ಎಂಟು ವರ್ಷ ಹಳೆಯ ಒಂದು ಸಣ್ಣ ಕಾರು ಕೊಂಡೆ. ಗುರುತಿನ ಮೆಕ್ಯಾನಿಕ್ ಬಂದು ಇಂಜಿನ್ ನೋಡಿದರು, ಟಯರ್ ನೋಡಿದರು, ಅಡಿಯಲ್ಲಿ ತುಕ್ಕು ಹಿಡಿದಿದೆಯಾ ಎಂದು ಬಗ್ಗಿ ನೋಡಿದರು. ಆರ್‌ಸಿ, ಇನ್ಶೂರೆನ್ಸು ಎಲ್ಲ ಸರಿ ಇತ್ತು. ಮೂಗಿನಿಂದ ಪರೀಕ್ಷೆ ಮಾಡಬೇಕು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಮಾರುವವರು ಕಾರು ತೋರಿಸಿದ್ದು ಬೆಳಗ್ಗೆ ಏಳು ಗಂಟೆಗೆ. ನಾಲ್ಕೂ ಗಾಜು ಇಳಿಸಿತ್ತು. ಡ್ಯಾಶ್‌ಬೋರ್ಡು ಪಾಲಿಶ್ ಹಾಕಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಕನ್ನಡಿಯಿಂದ ಲಿಂಬೆ ವಾಸನೆಯ ಒಂದು ಪೊಟ್ಟಣ ತೂಗುತ್ತಿತ್ತು. ಎಷ್ಟು ಶುದ್ಧವಾಗಿ ಇಟ್ಟುಕೊಂಡಿದ್ದಾರೆ ಪಾಪ, ಅಂದುಕೊಂಡೆ. ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿ, ಮಧ್ಯಾಹ್ನ ಊಟ ಮಾಡಿ ಬಂದು ಬಾಗಿಲು ತೆರೆದರೆ... ಲಿಂಬೆ ಎಲ್ಲಿಗೋ ಹೋಗಿತ್ತು. ಹಳೆಯ ಲಾಡ್ಜಿನ ಕೋಣೆಯ ಬಾಗಿಲು ತೆರೆದ ಹಾಗೆ ಬಂತು ವಾಸನೆ. ಆಮೇಲೆ ಸೀಟಿನ ಕವರು ಸರಿಸಿ ನೋಡಿದರೆ ಎರಡು ಕಡೆ ಕಿಡಿ ಬಿದ್ದು ಸುಟ್ಟ ತೂತು, ಡ್ರೈವರ್ ಸೀಟಿನ ಹಳಿಯ ಹತ್ತಿರ ಒಂದು ಸಿಗರೇಟಿನ ತುಂಡು.

ನಾನು ಏನು ಮಾಡಿದೆ ಗೊತ್ತೇ? ನಮ್ಮಲ್ಲಿ ಹೆಚ್ಚಿನವರು ಮಾಡುವುದನ್ನೇ ಮಾಡಿದೆ. ಪೇಟೆಗೆ ಹೋಗಿ ಇನ್ನೂ ದೊಡ್ಡ ಪರಿಮಳದ ಡಬ್ಬಿ ತಂದು ಎ.ಸಿ. ಕಿಂಡಿಗೆ ಸಿಕ್ಕಿಸಿದೆ. ಮಲ್ಲಿಗೆ.

ಶಾಲೆ ತೆರೆಯಿತು. ನನ್ನ ದಾರಿಯಲ್ಲೇ ಸಿಗುವ ಮೂರು ಮಕ್ಕಳನ್ನು ಕರೆದುಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಹಣ ಕಾಸಿನ ವ್ಯವಹಾರ ಏನಿಲ್ಲ, ಹೇಗೂ ಹೋಗುವ ಕಾರು. ಮೂರನೇ ದಿನ ಒಬ್ಬ ಹುಡುಗ ತಿರುವಿನಲ್ಲಿ ವಾಂತಿ ಮಾಡಿಕೊಂಡ. ಮಲ್ಲಿಗೆ ಮತ್ತು ಹಳೆ ಸಿಗರೇಟು ಸೇರಿದ ಆ ವಾಸನೆಗೆ ನನಗೇ ತಲೆ ಸುತ್ತುತ್ತಿತ್ತು, ಖಾಲಿ ಹೊಟ್ಟೆಯ ಮಕ್ಕಳ ಗತಿ ಏನು? ಮರುದಿನ ಇನ್ನೊಂದು ಮಗುವಿನ ತಾಯಿ ಗೇಟಿನ ಹತ್ತಿರ ನಿಂತು ಸಂಕೋಚದಿಂದ ಹೇಳಿದರು, “ಟೀಚರೇ, ಬೇಜಾರು ಮಾಡ್ಬೇಡಿ. ಇವನಿಗೆ ಮೊದಲೇ ದಮ್ಮಿನ ತೊಂದರೆ ಇದೆ. ನಿಮ್ಮ ಕಾರಿನಲ್ಲಿ ಬಂದ ದಿನ ರಾತ್ರಿ ಕೆಮ್ಮು ಜಾಸ್ತಿ. ಇವನ ಅಪ್ಪ ಹೇಳ್ತಾ ಇದ್ದಾರೆ, ಇಂಗ್ಲಿಷ್ ಮೀಡಿಯಂನ ವ್ಯಾನು ಮನೆ ಬಾಗಿಲಿಗೇ ಬರ್ತದೆ, ಅಲ್ಲಿಗೇ ಹಾಕುವಾಂತ.”

ಕೆಮ್ಮು ಮಳೆಗಾಲದ ಥಂಡಿಯಿಂದಲೋ ಕಾರಿನಿಂದಲೋ ಹೇಳಲು ನಾನು ಡಾಕ್ಟರಲ್ಲ. ಆದರೆ ಆ ಮಾತು ಎದೆಗೆ ಚುಚ್ಚಿತು. ಗಡಿಯ ಈಚೆಗಿನ ಕನ್ನಡ ಶಾಲೆಯವರಿಗೆ ಯಾಕೆ ಚುಚ್ಚುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಆ ದಿನದ ಸಂಖ್ಯೆಯ ಮೇಲೆ ಡಿವಿಷನ್ ಉಳಿಯುತ್ತದೆ, ಅಧ್ಯಾಪಕರ ಹುದ್ದೆ ಉಳಿಯುತ್ತದೆ. ದೊಡ್ಡ ಶಾಲೆಯಲ್ಲಿ ಒಂದು ಮಗು ಹೋದರೆ ಒಂದು ಮಗು ಹೋಯಿತು, ಅಷ್ಟೇ. ನಮ್ಮಲ್ಲಿ ಒಂದು ಮಗು ಹೋದರೆ ಹಿಂದೆಯೇ ಅದರ ತಂಗಿ, ಪಕ್ಕದ ಮನೆಯವರು... ಹೀಗೆ ಬೇಲಿ ಸಡಿಲವಾಗುತ್ತದೆ. ಭಾಷೆಯ ಬಗ್ಗೆ ಭಾಷಣ ಮಾಡಿ ಮಕ್ಕಳನ್ನು ಉಳಿಸಿಕೊಳ್ಳಲು ನಾವು ಒದ್ದಾಡುತ್ತೇವೆ. ಕಾರಿನ ವಾಸನೆಗೆ ಒಂದು ಮಗುವನ್ನು ಕಳಕೊಂಡರೆ ಯಾರಿಗೆ ಹೇಳುವುದು?

ಆ ಸಂಜೆ ಮಲ್ಲಿಗೆ ಡಬ್ಬಿ ಕಿತ್ತು ಕಸಕ್ಕೆ ಹಾಕಿದೆ. ಆಮೇಲೆ ಓದಲು ಕೂತೆ.

ಒಂದು ಮಾತು ಗಮನಿಸಿದ್ದೀರಾ? ನಾವು ಕನ್ನಡದಲ್ಲಿ ಬೀಡಿ ಸೇದುವುದು ಅನ್ನುತ್ತೇವೆ, ಬಾವಿಯಿಂದ ನೀರು ಸೇದಿದ ಹಾಗೆ. ನಮ್ಮ ಕಡೆಯ ಮಾತಿನಲ್ಲಿ ಎಳೆಯುವುದು. ಬಸ್ಸಿನಲ್ಲಿ ಮಲಯಾಳದಲ್ಲಿ ಬರೆದಿರುವ ‘ಪುಕವಲಿ ಪಾಡಿಲ್ಲ’ದಲ್ಲಿರುವ ‘ವಲಿ’ಗೂ ಎಳೆತ ಎಂದೇ ಅರ್ಥ. ಎರಡು ಭಾಷೆಗಳೂ ಎಳೆದದ್ದನ್ನು ಹೇಳುತ್ತವೆ, ಬಿಟ್ಟದ್ದನ್ನು ಹೇಳುವುದಿಲ್ಲ. ಒಳಗೆ ಎಳೆದ ಹೊಗೆಯ ಪಾಡು ಎಳೆದವನಿಗೆ. ಹೊರಗೆ ಬಿಟ್ಟದ್ದು, ಮತ್ತು ಅದಕ್ಕಿಂತಲೂ ಹೆಚ್ಚಾಗಿ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯಿಂದ ಏಳುವ ಹೊಗೆ, ಎಲ್ಲಿಗೆ ಹೋಗುತ್ತದೆ?

ಗಾಜು ಇಳಿಸಿದರೆ ಹೊರಗೆ ಹೋಗುತ್ತದೆ ಎಂದು ಸೇದುವವರು ನಂಬಿರುತ್ತಾರೆ. ಸ್ವಲ್ಪ ಹೋಗುವುದು ನಿಜ. ಉಳಿದದ್ದು ಸೀಟಿನ ಬಟ್ಟೆ, ಒಳಗಿನ ಸ್ಪಂಜು, ಮೇಲಿನ ಮಾಡಿನ ಬಟ್ಟೆ, ಬೆಲ್ಟು, ಗಾಜು, ಎ.ಸಿ.ಯ ಹೊಟ್ಟೆ, ಎಲ್ಲ ಕಡೆ ಹೋಗಿ ಕೂರುತ್ತದೆ. ನಿಕೋಟಿನ್ ಕುದಿಯುವುದು ಸುಮಾರು 247 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಅದು ಸ್ಪಿರಿಟ್ಟಿನ ಹಾಗೆ ಹಾರಿಹೋಗುವ ಜಾತಿ ಅಲ್ಲ. ತಣ್ಣಗಿರುವಾಗ ಬಟ್ಟೆಗೆ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ, ಬಿಸಿ ಏರಿದಾಗ ಸ್ವಲ್ಪ ಸ್ವಲ್ಪವೇ ಮತ್ತೆ ಗಾಳಿಗೆ ಬರುತ್ತದೆ. ಜೊತೆಗಿರುವ ಟಾರಿನ ಅಂಟಿನದ್ದೂ ಇದೇ ಕಥೆ. ಬೆಳಗ್ಗೆ ಏಳು ಗಂಟೆಗೆ ಇಲ್ಲದ ವಾಸನೆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿಂದ ಬಂತು ಎಂದು ನನಗೆ ಆಗ ಅರ್ಥವಾಯಿತು.

ಈ ಅಂಟಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಥರ್ಡ್ ಹ್ಯಾಂಡ್ ಸ್ಮೋಕ್’. ಸೇದುವವನದ್ದು ಮೊದಲನೆಯದು, ಪಕ್ಕದಲ್ಲಿ ಕೂತವನು ಕುಡಿಯುವ ಹೊಗೆ ಎರಡನೆಯದು, ಇಬ್ಬರೂ ಎದ್ದುಹೋದ ಮೇಲೆ ಗೋಡೆ ಬಟ್ಟೆಗಳಲ್ಲಿ ಉಳಿಯುವುದು ಮೂರನೆಯದು. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಜೊನಾಥನ್ ವಿನಿಕಾಫ್ ಮತ್ತು ಸಂಗಡಿಗರು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಹೆಸರು ಜನರ ಬಾಯಿಗೆ ಬಂತು. ಅದಕ್ಕೂ ಮುಂಚೆ, 2008ರಲ್ಲಿ, ಸ್ಯಾನ್ ಡಿಯಾಗೋದ ಜಾರ್ಜ್ ಮ್ಯಾಟ್ ಮತ್ತು ಸಂಗಡಿಗರು ನನ್ನದರಂಥ ಕಾರುಗಳನ್ನೇ, ಅಂದರೆ ಮಾರಾಟಕ್ಕಿಟ್ಟ ಹಳೆಯ ಕಾರುಗಳನ್ನೇ, ಪರೀಕ್ಷಿಸಿದ ವರದಿ ಪ್ರಕಟಿಸಿದ್ದರು. ಸೇದುವವರು ಮಾರುತ್ತಿದ್ದ ಕಾರುಗಳ ಗಾಳಿ, ಧೂಳು, ಡ್ಯಾಶ್‌ಬೋರ್ಡು ಮೂರರಲ್ಲೂ ನಿಕೋಟಿನ್ ಸಿಕ್ಕಿತ್ತು. 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಇನ್ನೊಂದು ವಿಷಯ ಹೇಳಿದರು. ಮೇಲ್ಮೈಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ನೈಟ್ರೊಸಮೀನ್ ಎಂಬ ಗುಂಪಿನ ವಸ್ತುಗಳಾಗುತ್ತದೆ, ಅವುಗಳಲ್ಲಿ ಕ್ಯಾನ್ಸರ್ ತರುವಂಥವೂ ಇವೆ. ನೈಟ್ರಸ್ ಆಮ್ಲ ಬರುವ ದಾರಿಗಳಲ್ಲಿ ವಾಹನದ ಹೊಗೆಯೂ ಒಂದು! ಸೇದುವವರೊಬ್ಬರ ವಾಹನದೊಳಗೂ ಅವರು ಅದನ್ನು ಪತ್ತೆ ಹಚ್ಚಿದ್ದರು.

ಹಾಗೆಂದು ಹಳೆ ಕಾರಿನಲ್ಲಿ ಕೂತವರಿಗೆಲ್ಲ ಕಾಯಿಲೆ ಬರುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಪಕ್ಕದಲ್ಲೇ ಸೇದುವವರ ಹೊಗೆಗೂ ಇದಕ್ಕೂ ವ್ಯತ್ಯಾಸವಿದೆ. ನನ್ನ ಮಾತು ಇಷ್ಟೇ. ಅದು ಬರೀ ವಾಸನೆ ಅಲ್ಲ, ವಸ್ತು. ವಸ್ತುವನ್ನು ಪರಿಮಳದಿಂದ ತೆಗೆಯಲಿಕ್ಕಾಗುವುದಿಲ್ಲ. ತೊಳೆಯಬೇಕು. ಮಕ್ಕಳು ಸೀಟು ಮುಟ್ಟುತ್ತಾರೆ, ಬೆಲ್ಟು ಕಚ್ಚುತ್ತಾರೆ, ಗಾಜಿನ ಮೇಲೆ ಉಸಿರುಬಿಟ್ಟು ಬೆರಳಲ್ಲಿ ‘ಅ ಆ’ ಬರೆಯುತ್ತಾರೆ, ಆ ಬೆರಳು ಬಾಯಿಗೆ ಹೋಗುತ್ತದೆ. ದೊಡ್ಡವರ ಹಾಗೆ ಕೈಕಟ್ಟಿ ಕೂರುವ ಜಾತಿ ಅಲ್ಲವಲ್ಲ ಅವು.

ಸರಿ, ತೊಳೆಯುವುದು ಹೇಗೆ? ಮೂರು ವಾರ ಹಿಡಿಯಿತು ನನಗೆ. ಅಷ್ಟು ದಿನ ಮಕ್ಕಳೂ ನಾನೂ ಆಟೋದಲ್ಲಿ ಹೋದೆವು. ದಮ್ಮಿನ ಹುಡುಗನನ್ನು ಅವನ ಅಜ್ಜ ನಡೆಸಿಕೊಂಡು ಬರುತ್ತಿದ್ದರು. “ಕಾರು ಸರಿಯಾದ ಮೇಲೆ ನೀವೇ ಬಂದು ಮೂಸಿ ನೋಡಿ, ಅಲ್ಲಿವರೆಗೆ ಟಿ.ಸಿ. ಕೇಳಬೇಡಿ” ಎಂದು ಅವನ ತಾಯಿಯ ಹತ್ತಿರ ಮಾತು ತೆಗೆದುಕೊಂಡಿದ್ದೆ. ನನ್ನ ಹಾಗೆ ಹಳೆ ಕಾರು ಕೊಂಡು ಕಂಗಾಲಾದವರಿಗೆ ಉಪಯೋಗವಾಗಲಿ ಎಂದು ಕ್ರಮವಾಗಿ ಬರೆಯುತ್ತೇನೆ.

ಮೊದಲು ಕಾರು ಖಾಲಿ ಮಾಡಬೇಕು. ಮ್ಯಾಟು, ಸೀಟಿನ ಕವರು, ಆಶ್ ಟ್ರೇ, ಡಿಕ್ಕಿಯ ಹಾಸು, ಎಲ್ಲ ಹೊರಗೆ. ಕವರುಗಳನ್ನು ಒಗೆಯಲು ಹಾಕಿ. ಆಶ್ ಟ್ರೇಯನ್ನು ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಆಮೇಲೆ ಸೀಟು ಮುಂದೆ ಹಿಂದೆ ಜರುಗಿಸಿ ಸಂದಿ ಸಂದಿಯಲ್ಲಿ ವ್ಯಾಕ್ಯೂಮ್ ಹಾಕಿ. ಧೂಳಿನಲ್ಲೂ ಬೂದಿ, ನಿಕೋಟಿನ್ ಇರುತ್ತದೆ. ಧೂಳು ತೆಗೆಯದೆ ಒದ್ದೆ ಮಾಡಿದರೆ ಕೆಸರಾಗುತ್ತದೆ.

ಎರಡನೆಯದು ಗಾಜು ಮತ್ತು ಪ್ಲಾಸ್ಟಿಕ್. ಇಲ್ಲಿ ನಮ್ಮ ಏಳನೇ ತರಗತಿಯ ಆಮ್ಲ ಪ್ರತ್ಯಾಮ್ಲದ ಪಾಠ ನೆನಪಿಗೆ ಬಂತು. ನಿಕೋಟಿನ್ ಪ್ರತ್ಯಾಮ್ಲದ ಗುಣದ್ದು. ಅದಕ್ಕೆ ತೆಳು ಆಮ್ಲ ಸಿಕ್ಕರೆ ನೀರಿನಲ್ಲಿ ಕರಗುವ ಲವಣವಾಗುತ್ತದೆ, ಒರಸಿದರೆ ಬಟ್ಟೆಗೆ ಬರುತ್ತದೆ. ತೆಳು ಆಮ್ಲ ಅಡುಗೆ ಮನೆಯಲ್ಲೇ ಇದೆ. ವಿನೆಗರ್, ನಮ್ಮ ಕಡೆ ಸುರ್ಕ ಎನ್ನುವುದು. ಬಿಳಿ ಸುರ್ಕಕ್ಕೆ ಅಷ್ಟೇ ನೀರು ಸೇರಿಸಿ ಮುಂದಿನ ಗಾಜಿನ ಒಳಮೈ ಒರಸಿದೆ. ಬಿಳಿ ಬಟ್ಟೆ ಹಾಲು ಹಾಕದ ಚಾಯದ ಬಣ್ಣಕ್ಕೆ ಬಂತು. ನಂಬುತ್ತೀರಾ? ಹೊಳೆಯುತ್ತಿದ್ದ ಗಾಜು ಅದು! ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಒರಸುತ್ತಾ ಹೋದೆ. ಡ್ಯಾಶ್‌ಬೋರ್ಡು, ಸ್ಟಿಯರಿಂಗು, ಬಾಗಿಲ ಪ್ಲಾಸ್ಟಿಕ್ಕಿಗೆ ಮೊದಲು ತೆಳು ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಮೇಲೆ ಮತ್ತೆ ಪಾಲಿಶ್ ಬೇಡ. ಕೊಳೆಯ ಮೇಲೆ ಹಚ್ಚಿದ ಪಾಲಿಶ್ಶೇ ನನಗೆ ಮೋಸ ಮಾಡಿದ್ದು.

ಮೂರನೆಯದು ಸೀಟಿನ ಬಟ್ಟೆ. ಒಣ ಸೀಟಿನ ಮೇಲೆ ಅಡುಗೆ ಸೋಡ ಧಾರಾಳವಾಗಿ ಉದುರಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ವ್ಯಾಕ್ಯೂಮ್ ಹಾಕುವುದು. ಇದು ಹೊಗೆಯಲ್ಲಿರುವ ಹುಳಿ ಜಾತಿಯ ವಾಸನೆಗಳನ್ನು ಹಿಡಿಯುತ್ತದೆ. ಆದರೆ ಸೋಡವೂ ಪ್ರತ್ಯಾಮ್ಲ, ನಿಕೋಟಿನ್ನೂ ಪ್ರತ್ಯಾಮ್ಲ. ಆದ್ದರಿಂದ ಸೋಡ ಒಂದರಿಂದಲೇ ಎಲ್ಲ ಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಸುರ್ಕ, ಸೋಡ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸುವವರೂ ಇದ್ದಾರೆ. ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚಂದ. ಆದರೆ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪು ನೀರು ಮಾತ್ರ. ಇನ್ನೊಂದು ಮುಖ್ಯ ವಿಷಯ. ಸುರ್ಕವನ್ನು ಬ್ಲೀಚಿನ ಜೊತೆ ಎಂದೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕಾರಿನೊಳಗೆ ಅದು ತಮಾಷೆಯಲ್ಲ.

ಸೋಡದ ನಂತರ ಸೀಟಿಗೆ ಶಾಂಪೂ. ನೀರು ಹುಯ್ದು ನೆನೆಸುವುದಲ್ಲ, ನೊರೆ ಹಚ್ಚಿ ಬ್ರಶ್ಶಿನಿಂದ ತಿಕ್ಕಿ, ಕೊಳೆ ನೀರನ್ನು ಎಳೆದು ತೆಗೆಯುವುದು. ನೀರು ಎಳೆಯುವ ಯಂತ್ರ ಕಾರು ತೊಳೆಯುವ ಅಂಗಡಿಗಳಲ್ಲಿರುತ್ತದೆ, ನಾನು ಅಲ್ಲಿಗೇ ಕೊಟ್ಟೆ. ಇಲ್ಲಿ ನಮ್ಮ ಊರಿನ ಸಮಸ್ಯೆ ಬೇರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ. ಜೂನಿನಲ್ಲಿ ಸೀಟು ನೆನೆಸಿದರೆ ಹೊಗೆ ವಾಸನೆ ಹೋಗಿ ಬೂಷ್ಟಿನ ವಾಸನೆ ಬರುತ್ತದೆ. ದಮ್ಮಿನ ಮಕ್ಕಳಿಗೆ ಅದೂ ವಿಷವೇ. ಮಳೆ ಬಿಟ್ಟ ದಿನ ಬಾಗಿಲೆಲ್ಲ ತೆರೆದಿಟ್ಟು, ಮನೆಯ ಟೇಬಲ್ ಫ್ಯಾನು ತಂದು ಸೀಟಿಗೆ ಮುಖ ಮಾಡಿ ಇಟ್ಟು ಒಣಗಿಸಿದೆ. ಅಡಿಕೆ ಒಣಗಿಸಿದ ಹಾಗೆ ಕಾರು ಒಣಗಿಸುತ್ತಿದ್ದೀರಲ್ಲ ಎಂದು ನೆರೆಮನೆಯವರು ನಕ್ಕರು. ನಿಮಗೆ ಸಾಧ್ಯವಿದ್ದರೆ ಈ ಕೆಲಸ ಮಾರ್ಚ್ ಏಪ್ರಿಲಿನಲ್ಲೇ ಮುಗಿಸಿ.

ನಾಲ್ಕನೆಯದು ಸೀಟ್ ಬೆಲ್ಟು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪೂರ್ತಿ ಹೊರಗೆಳೆದು ಕ್ಲಿಪ್ಪು ಹಾಕಿ ನಿಲ್ಲಿಸಿ, ತೆಳು ಸೋಪಿನ ನೀರಿನಲ್ಲಿ ಒರಸಿ, ಚೆನ್ನಾಗಿ ಒಣಗಿದ ಮೇಲೆಯೇ ಒಳಗೆ ಬಿಡಬೇಕು. ಬ್ಲೀಚು, ಖಾರದ ದ್ರಾವಣ ಹಾಕಿದರೆ ಬೆಲ್ಟಿನ ಬಲವೇ ಹೋಗಬಹುದು. ಮಗುವಿನ ಮೂಗಿನಿಂದ ಗೇಣು ದೂರದಲ್ಲಿರುವುದು ಈ ಬೆಲ್ಟೇ, ನೆನಪಿರಲಿ.

ಐದನೆಯದು ಮೇಲಿನ ಮಾಡಿನ ಬಟ್ಟೆ. ಹೊಗೆ ಮೇಲಕ್ಕೆ ಏಳುವ ವಸ್ತು. ಆದ್ದರಿಂದ ಅತಿ ಹೆಚ್ಚು ಕುಡಿದಿರುವುದು ಇದೇ. ಆದರೆ ಇದನ್ನು ಅಂಟಿನಿಂದ ಹಚ್ಚಿರುತ್ತಾರೆ, ನೀರು ಹೆಚ್ಚಾದರೆ ಅಂಟು ಬಿಟ್ಟು ಜೋತುಬೀಳುತ್ತದೆ. ಹಿಂಡಿದ ಬಟ್ಟೆಯಲ್ಲಿ ನೊರೆ ಮಾತ್ರ ತೆಗೆದುಕೊಂಡು ಮೆಲ್ಲಗೆ ಒತ್ತಿ ಒರಸಬೇಕು. ಒಂದೇ ದಿನ ಬೇಡ, ದಿನಕ್ಕೊಂದು ಭಾಗ.

ಆರನೆಯದು ಎ.ಸಿ. ಎಲ್ಲ ತೊಳೆದು ಮುಗಿಸಿ ಖುಷಿಯಲ್ಲಿ ಎ.ಸಿ. ಹಾಕಿದೆ. ಅದೇ ವಾಸನೆ! ಅಳು ಬರುವುದೊಂದು ಬಾಕಿ. ಕಾರಿನ ಗಾಳಿ ಒಳಗೊಳಗೇ ತಿರುಗುವ ಹಾಗೆ ಗುಂಡಿ ಒತ್ತಿ ಸೇದಿದ ಹೊಗೆಯೆಲ್ಲ ಎ.ಸಿ.ಯ ಒದ್ದೆ ಸುರುಳಿಯ ಮೂಲಕವೇ ಹೋಗಿರುತ್ತದೆ. ಮೆಕ್ಯಾನಿಕ್ ಅಣ್ಣ ಬಂದು ಸುರುಳಿಗೆ ನೊರೆಯ ಮದ್ದು ಹೊಡೆದು ತೊಳೆದರು. ಮುಂದಿನ ಡಬ್ಬದ ಹಿಂದಿದ್ದ ಕ್ಯಾಬಿನ್ ಫಿಲ್ಟರ್ ತೆಗೆದು ತೋರಿಸಿ, “ಟೀಚರೇ, ಇದರಲ್ಲಿ ಕಾಫಿ ಸೋಸಿದ್ದಾರಾ?” ಎಂದು ಕೇಳಿದರು. ಹೊಸತು ಹಾಕಿಸಿದೆ. ಕೆಲವು ಹಳೆಯ ಸಣ್ಣ ಕಾರುಗಳಲ್ಲಿ ಈ ಫಿಲ್ಟರೇ ಇರುವುದಿಲ್ಲ, ಕೇಳಿ ನೋಡಿ. ಇದ್ದರೆ ಮೊದಲು ಬದಲಿಸಬೇಕಾದದ್ದು ಇದನ್ನೇ.

ಕೊನೆಗೆ ಉಳಿಯುವ ಸಣ್ಣ ವಾಸನೆಗೆ ಆ್ಯಕ್ಟಿವೇಟೆಡ್ ಕಾರ್ಬನ್ನಿನ ಚೀಲ ಸೀಟಿನ ಅಡಿಯಲ್ಲಿ ಇಡಬಹುದು. ನಮ್ಮ ತೆಂಗಿನ ಗೆರಟೆಯಿಂದಲೂ ಅದನ್ನು ಮಾಡುತ್ತಾರೆ. ಆದರೆ ಬಚ್ಚಲ ಒಲೆಯ ಇದ್ದಿಲಿಗೆ ಅಷ್ಟು ಹೀರುವ ಶಕ್ತಿ ಇಲ್ಲ. ಓಝೋನ್ ಯಂತ್ರ ಇಟ್ಟು ಒಂದು ಗಂಟೆಯಲ್ಲಿ ವಾಸನೆ ತೆಗೆದುಕೊಡುತ್ತೇವೆ ಎನ್ನುವವರೂ ಸಿಕ್ಕಿದರು. ನಾನು ಬೇಡ ಅಂದೆ. ಓಝೋನ್ ಶ್ವಾಸಕೋಶಕ್ಕೆ ಹಾನಿ ಮಾಡುವ ಅನಿಲ. ಅದು ನಿಕೋಟಿನ್ ಜೊತೆ ಸೇರಿ ಅತಿ ಸೂಕ್ಷ್ಮ ಕಣಗಳಾಗುತ್ತದೆ ಎಂದೂ ಬರ್ಕ್ಲಿಯವರು ಕಂಡುಕೊಂಡಿದ್ದಾರೆ. ತೊಳೆಯದೆ ಇದನ್ನು ಮಾಡಿಸುವುದೆಂದರೆ ಮಲ್ಲಿಗೆ ಡಬ್ಬಿಯ ಅಣ್ಣನನ್ನು ಕರೆದ ಹಾಗೆ.

ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಿಮ್ಮ ಮೂಗನ್ನು ನಂಬಬೇಡಿ. ದಿನವೂ ಕೂತವರ ಮೂಗು ಪಳಗಿಬಿಡುತ್ತದೆ. ಬಿಸಿಲಿರುವ ಮಧ್ಯಾಹ್ನ ಎಲ್ಲ ಗಾಜು ಏರಿಸಿ ಎರಡು ಗಂಟೆ ಬಿಟ್ಟು, ಸೇದದ ಬೇರೊಬ್ಬರಿಂದ ಬಾಗಿಲು ತೆರೆಸಿ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಹಳೆ ಕಾರು ಕೊಳ್ಳಲು ಹೋಗುವಾಗಲೂ ಇದೇ ಪರೀಕ್ಷೆ ಮಾಡಿ. ಬೆಳಗ್ಗೆ ಬೇಡ, ಮಧ್ಯಾಹ್ನ ಹೋಗಿ.

ಇಷ್ಟೆಲ್ಲ ಮಾಡುವಾಗ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಇದೆಲ್ಲ ನಾನು ಯಾಕೆ ಮಾಡಬೇಕು? ಸೇದಿದವರು ಯಾರೋ, ತೊಳೆಯುವವಳು ನಾನು, ಕೆಮ್ಮುವುದು ಮಗು. ಕಾರು ಮಾರುವಾಗ ಎಷ್ಟು ಕಿಲೋಮೀಟರ್ ಓಡಿದೆ ಎಂದು ಹೇಳುತ್ತಾರೆ, ಎಷ್ಟನೇ ಓನರ್ ಎಂದು ಹೇಳುತ್ತಾರೆ. ಒಳಗೆ ಸೇದಿದ್ದೇವೆ ಎಂದು ಯಾಕೆ ಹೇಳುವುದಿಲ್ಲ? ಕೇಳುವ ಅಭ್ಯಾಸ ನಮಗೂ ಇಲ್ಲವಲ್ಲ! ನಾನು ಕೇಳಿದ್ದರೆ ಬಹುಶಃ ಹೇಳುತ್ತಿದ್ದರೇನೋ. ಇನ್ನು ಮುಂದೆ ಕೇಳೋಣ. ಮಾರುವವರು ಪರಿಮಳದ ಪೊಟ್ಟಣ ತೂಗುಹಾಕುವ ಬದಲು ಹತ್ತು ರೂಪಾಯಿಯ ಸುರ್ಕ ತಂದು ಗಾಜಾದರೂ ಒರಸಲಿ.

ಇಲ್ಲಿ ನಾನು ಸಾಚಾ ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ನೂಲು ಸುತ್ತಿ... ವಾರದ ಕೊನೆಗೆ ಬ್ರಾಂಚಿಗೆ ಕೊಟ್ಟು ಬಂದ ಹಣದಲ್ಲಿ ನನ್ನ ಪುಸ್ತಕ, ನನ್ನ ಚಪ್ಪಲಿ, ನನ್ನ ಟಿ.ಟಿ.ಸಿ. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಎಷ್ಟೋ ಮಂದಿಯ ಹಿಂದೆ ಹೀಗೆ ಒಂದು ತಡ್ಪೆ ಇದೆ. ಆ ವಾಸನೆಯಲ್ಲೇ ನಾವು ಬೆಳೆದೆವು, ಅಮ್ಮಂದಿರು ಆ ಹುಡಿಯಲ್ಲೇ ಕೆಮ್ಮಿದರು. ಆದ್ದರಿಂದ ಸೇದುವವರನ್ನು ದೂಷಿಸಿ ಪುಣ್ಯ ಕಟ್ಟಿಕೊಳ್ಳುವ ಹಕ್ಕು ನನಗಿಲ್ಲ. ಅಪ್ಪನೂ ಸೇದುತ್ತಿದ್ದರು. ಆದರೆ ಒಂದು ನಿಯಮ ಇತ್ತು. ಮಕ್ಕಳು ಮಲಗುವ ಕೋಣೆಯಲ್ಲಿ ಸೇದುತ್ತಿರಲಿಲ್ಲ, ಎದ್ದು ಅಂಗಳದಾಚೆ ತೋಟದ ಬದಿಗೆ ಹೋಗುತ್ತಿದ್ದರು. ಯಾವ ಲೇಖನವನ್ನೂ ಓದಿದವರಲ್ಲ ಅವರು.

ನಾನು ಕೇಳುವುದೂ ಅಷ್ಟೇ. ಬಿಡಲಿಕ್ಕಾದರೆ ಬಿಡಿ, ಬಹಳ ಒಳ್ಳೆಯದು. ಆಗದಿದ್ದರೆ ಕಾರು ನಿಲ್ಲಿಸಿ, ಇಳಿದು, ದೂರ ಹೋಗಿ ಸೇದಿ. ಮಕ್ಕಳು ಕೂರುವ ವಾಹನದ ಒಳಗೆ ಬೇಡ. ಮಕ್ಕಳು ಇಲ್ಲದ ಹೊತ್ತಿನಲ್ಲಿ ಸೇದಿದರೆ ತೊಂದರೆ ಇಲ್ಲ ಎಂಬ ಮಾತನ್ನು ನನ್ನ ಕಾರು ಸುಳ್ಳು ಮಾಡಿದೆ. ಸಂಜೆ ಸೇದಿದ್ದು ಬೆಳಗ್ಗೆ ಮಗುವಿಗಾಗಿ ಕಾಯುತ್ತಿರುತ್ತದೆ. ಶಾಲೆಯ ವ್ಯಾನು, ಜೀಪು, ಆಟೋ ಓಡಿಸುವ ಅಣ್ಣಂದಿರಿಗೂ ಇದೇ ವಿನಂತಿ. ಟ್ರಿಪ್ಪಿನ ನಡುವೆ ಬಿಡುವಿನಲ್ಲಿ ವ್ಯಾನಿನಲ್ಲೇ ಕಾಲು ಚಾಚಿ ಒಂದು ಸೇದುವುದಿದೆಯಲ್ಲ, ಅದು ಬೇಡ. ಪಿ.ಟಿ.ಎ. ಸಭೆಯಲ್ಲಿ ವಾಹನದ ಬ್ರೇಕು, ಇನ್ಶೂರೆನ್ಸು ವಿಚಾರಿಸುವಾಗ ಇದನ್ನೂ ಒಂದು ಮಾತು ವಿಚಾರಿಸೋಣ.

ಕಾನೂನು ಏನು ಹೇಳುತ್ತದೆ? ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುವ ತೀರ್ಪನ್ನು ಕೇರಳ ಹೈಕೋರ್ಟು 1999ರ ಜುಲೈ 12ರಂದೇ ಕೊಟ್ಟಿತ್ತು. ಇಡೀ ದೇಶಕ್ಕೆ ಕಾನೂನು ಬಂದದ್ದು 2003ರಲ್ಲಿ. ಕೇರಳಕ್ಕೆ ಸೇರಿ ನಮಗೇನು ಸಿಕ್ಕಿತು ಎಂದು ಗೊಣಗುವ ನಾವು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಕಾನೂನಿನಲ್ಲಿ ಬಸ್ಸಿನಂಥ ಸಾರ್ವಜನಿಕ ವಾಹನಗಳೂ ಬರುತ್ತವೆ, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬುದೂ ಇದೆ. ಆದರೆ ಸ್ವಂತ ಕಾರಿನ ಬಾಗಿಲು ಹಾಕಿಕೊಂಡರೆ ಒಳಗೆ ನಿಮ್ಮದೇ ರಾಜ್ಯ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಿಂದ 18 ವರ್ಷದೊಳಗಿನವರು ಇರುವ ಖಾಸಗಿ ಕಾರಿನಲ್ಲೂ ಸೇದುವಂತಿಲ್ಲ. ನಮ್ಮಲ್ಲೂ ಅಂಥದ್ದು ಬರಬೇಕು ಎಂಬುದು ನನ್ನ ಅಭಿಪ್ರಾಯ. ಬರುವವರೆಗೆ? ಶಾಲೆಯ ಗೇಟಿನಿಂದ ಒಳಗೆ ಸೇದಬಾರದು ಎಂದು ಹೇಳಲು ನಮಗೆ ಬೋರ್ಡು ಬೇಕಾಗುವುದಿಲ್ಲ, ನಾಚಿಕೆ ಸಾಕಾಗುತ್ತದೆ. ಮಗು ಕೂತ ಕಾರಿಗೂ ಅದೇ ನಾಚಿಕೆ ಬರಲಿ.

ಇಂಗ್ಲಿಷ್ ಮೀಡಿಯಂನ ವ್ಯಾನಿನಷ್ಟು ಹೊಸ ಗಾಡಿ ಕೊಳ್ಳಲು ನಮಗಾಗದು. ಆದರೆ ಇರುವ ಹಳೆಯದನ್ನು ತೊಳೆದು ಇಡಬಹುದಲ್ಲ? ಕನ್ನಡ ಶಾಲೆಗೆ ಬನ್ನಿ ಎಂದು ಕರೆಯುವವರು ಮೊದಲು ಮಗು ಬರುವ ದಾರಿಯನ್ನು ನೋಡಬೇಕು ಎಂದು ನನಗೆ ಈ ಕಾರು ಕಲಿಸಿತು.

ಅಂದ ಹಾಗೆ, ಜೂನ್ ಕೊನೆಯ ಒಂದು ಶನಿವಾರ ಮಳೆ ಬಿಟ್ಟು ಬಿಸಿಲು ಬಂತು. ಎರಡು ಗಂಟೆ ಮುಚ್ಚಿಟ್ಟ ಕಾರಿನ ಬಾಗಿಲನ್ನು ದಮ್ಮಿನ ಹುಡುಗನ ತಾಯಿಯಿಂದಲೇ ತೆರೆಸಿದೆ. ಅವರು ತಲೆ ಒಳಗೆ ಹಾಕಿ, ಸೀಟಿನ ಹತ್ತಿರ ಬಗ್ಗಿ ಮೂಸಿ, “ಅಡ್ಡಿಲ್ಲ ಟೀಚರೇ, ಸೋಮವಾರದಿಂದ ಕರ್ಕೊಂಡು ಹೋಗಿ” ಅಂದರು. ಆರನೇ ದಿನದ ಲೆಕ್ಕದಲ್ಲಿ ಅಜ್ಜನ ಕೈ ಹಿಡಿದು ಬಂದ ಆ ಹುಡುಗನ ಹೆಸರೂ ಸೇರಿತ್ತು, ಈಗಲೂ ಹಾಜರಿ ಪುಸ್ತಕದಲ್ಲಿದೆ.

ಸೋಮವಾರ ಮತ್ತೆ ಮಳೆ. ಗಾಜು ಏರಿಸಿದ ಕಾರಿನೊಳಗೆ ನಾವು ನಾಲ್ಕು ಮಂದಿ. ಮೂರನೇ ತರಗತಿಯ ಹುಡುಗಿಯ ಹತ್ತಿರ ಕೇಳಿದೆ, “ಈಗ ಏನು ವಾಸನೆ ಬರ್ತದೆ ಮಗಾ?”

ಅವಳು ಮೂಗು ಎತ್ತಿ ಎರಡು ಸಲ ಉಸಿರೆಳೆದು ನೋಡಿದಳು.

“ಒದ್ದೆ ಕೊಡೆದು, ಟೀಚರ್.”

ಅದು ಇರಲಿ ಬಿಡಿ. ಏನಂತೀರಿ?